ಬೆಳ್ಳಿ ಎಲ್ಲೆಲ್ಲಿದೆ, ಎಲ್ಲೆಲ್ಲಿ ಇಲ್ಲ

2025ರ ಆರಂಭದಲ್ಲಿ ಒಂದು ಕೆಜಿ ಬೆಳ್ಳಿಗೆ 90 ಸಾವಿರ ರೂಪಾಯಿಯ ಆಸುಪಾಸು ಇತ್ತು. ಅದೇ ವರ್ಷದ ಡಿಸೆಂಬರ್ ಹೊತ್ತಿಗೆ 2 ಲಕ್ಷ ದಾಟಿತು. 100 ಗ್ರಾಂ ತೂಗುವ ಒಂದು ಜೊತೆ ಕಾಲ್ಗೆಜ್ಜೆಯನ್ನೇ ತೆಗೆದುಕೊಳ್ಳಿ. ಬೆಳ್ಳಿಯ ಬೆಲೆ ಮಾತ್ರ 9 ಸಾವಿರ ಇದ್ದದ್ದು 20 ಸಾವಿರಕ್ಕೆ ಬಂತು. ಮಜೂರಿ ಬೇರೆ. ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೊರಟಾಗ ಒಂದು ಬೆಳ್ಳಿ ಬಟ್ಟಲು ಕೊಂಡು ಹೋಗುತ್ತಿದ್ದವರು ಈಗ ಹಿಂದೆ ಮುಂದೆ ನೋಡುತ್ತಿದ್ದಾರೆ.

ಚಿನ್ನದ ರೇಟು ಏರಿದರೆ ನಮಗೆ ಅಷ್ಟು ಆಶ್ಚರ್ಯವಾಗುವುದಿಲ್ಲ. ಬೆಳ್ಳಿ ಹೀಗೆ ಜಿಗಿದದ್ದು ಯಾಕೆ ಅನ್ನುವುದು ಮಾತ್ರ ಸುಲಭಕ್ಕೆ ಅರ್ಥವಾಗುವುದಿಲ್ಲ. ಅದಕ್ಕೊಂದು ಕಾರಣವಿದೆ. ನಾವು ಬೆಳ್ಳಿ, ಸಿಲ್ವರ್ ಎಂದು ಕರೆಯುವ ಎಷ್ಟೋ ವಸ್ತುಗಳಲ್ಲಿ ಬೆಳ್ಳಿಯೇ ಇರುವುದಿಲ್ಲ. ನಿಜವಾದ ಬೆಳ್ಳಿ ಇರುವ ಎಷ್ಟೋ ಜಾಗಗಳು ನಮ್ಮ ಗಮನಕ್ಕೇ ಬರುವುದಿಲ್ಲ. ಇವೆರಡನ್ನೂ ಬಿಡಿಸಿ ನೋಡಿದರೆ ರೇಟಿನ ಗುಟ್ಟು ಅರ್ಧ ತಿಳಿದಂತೆ.

ಬೆಳ್ಳಿಯ ಗುಣ

ಬೆಳ್ಳಿ ಒಂದು ಮೂಲಧಾತು. ಪರಮಾಣು ಸಂಖ್ಯೆ 47. ನೀರಿಗಿಂತ ಹತ್ತೂವರೆ ಪಟ್ಟು ಭಾರ. ಸುಮಾರು 962 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಚಿನ್ನದಂತೆಯೇ ಇದನ್ನೂ ಬಡಿದು ತೆಳ್ಳನೆಯ ಹಾಳೆ ಮಾಡಬಹುದು, ಎಳೆದು ಕೂದಲಿನಂಥ ತಂತಿ ಮಾಡಬಹುದು.

ಮೂರು ವಿಷಯದಲ್ಲಿ ಬೆಳ್ಳಿಯನ್ನು ಮೀರಿಸುವ ಲೋಹ ಇಲ್ಲ. ವಿದ್ಯುತ್ತು ಅತ್ಯಂತ ಸಲೀಸಾಗಿ ಹರಿಯುವುದು ಬೆಳ್ಳಿಯಲ್ಲಿ. ತಾಮ್ರಕ್ಕೆ ಎರಡನೇ ಸ್ಥಾನ. ಬಿಸಿ ಬೇಗ ಹರಡುವುದರಲ್ಲೂ ಲೋಹಗಳ ಪೈಕಿ ಬೆಳ್ಳಿಯೇ ಮುಂದು. ಕುದಿಯುವ ಪಾಯಸಕ್ಕೆ ಬೆಳ್ಳಿ ಚಮಚ ಇಳಿಬಿಟ್ಟವರಿಗೆ ಇದು ಗೊತ್ತು: ಹಿಡಿ ಕ್ಷಣದಲ್ಲಿ ಸುಡುತ್ತದೆ. ಮೂರನೆಯದು ಹೊಳಪು. ಕಣ್ಣಿಗೆ ಕಾಣುವ ಬೆಳಕನ್ನು ಇಷ್ಟು ಚೆನ್ನಾಗಿ ತಿರುಗಿಸಿ ಕಳಿಸುವ ಲೋಹ ಇನ್ನೊಂದಿಲ್ಲ. ಕನ್ನಡಿಯ ಹಿಂಬದಿಗೆ ಬೆಳ್ಳಿ ಲೇಪಿಸುವುದು ಇದೇ ಕಾರಣಕ್ಕೆ.

ಒಂದು ಕೊರತೆ ಇದೆ. ಶುದ್ಧ ಬೆಳ್ಳಿ ತುಂಬಾ ಮೆತ್ತಗೆ. ಅದರಿಂದ ಮಾಡಿದ ಗೆಜ್ಜೆ ನಾಲ್ಕು ದಿನ ಹಾಕಿಕೊಂಡು ಓಡಾಡಿದರೆ ಕೊಂಡಿ ಬಾಗುತ್ತದೆ. ಅದಕ್ಕೆ ಸ್ವಲ್ಪ ತಾಮ್ರ ಬೆರೆಸುತ್ತಾರೆ. ಬೆರಕೆ ಅಂದ ತಕ್ಷಣ ಮೋಸ ಅಂದುಕೊಳ್ಳಬೇಕಿಲ್ಲ. ಎಷ್ಟು ಬೆರೆಸಿದ್ದೇವೆ ಎಂದು ಹೇಳದೆ ಮಾರುವುದು ಮೋಸ.

ಹೆಸರು ಬೆಳ್ಳಿಯದು, ವಸ್ತು ಬೇರೆ

ನಮ್ಮ ಹಳ್ಳಿಗಳಲ್ಲಿ 'ಸಿಲ್ವರ್ ಪಾತ್ರೆ' ಅಂದರೆ ಅಲ್ಯೂಮಿನಿಯಂ ಪಾತ್ರೆ. ಸಿಲಾವರ ತಟ್ಟೆ, ಸಿಲ್ವರ್ ಬೋಗುಣಿ, ಸಿಲ್ವರ್ ಕೊಡ, ಎಲ್ಲವೂ ಅಲ್ಯೂಮಿನಿಯಮ್ಮೇ. ತಾಮ್ರ, ಹಿತ್ತಾಳೆ ಕೊಳ್ಳಲಾಗದ ಮನೆಗಳಿಗೆ ಈ ಹಗುರವಾದ, ಅಗ್ಗದ, ಬೆಳ್ಳಗೆ ಹೊಳೆಯುವ ಪಾತ್ರೆ ಬಂದಾಗ ಹೊಳಪು ನೋಡಿಯೇ ಈ ಹೆಸರು ಅಂಟಿಕೊಂಡಿತು. ಅದರಲ್ಲಿ ಬೆಳ್ಳಿಯ ಚೂರೂ ಇಲ್ಲ.

ಜರ್ಮನ್ ಸಿಲ್ವರ್ ಕಥೆಯೂ ಹೀಗೇ. ಅದು ತಾಮ್ರ, ನಿಕಲ್, ಸತು ಸೇರಿಸಿ ಮಾಡಿದ ಮಿಶ್ರಲೋಹ. ಅರಿಶಿನ ಕುಂಕುಮದ ಬಟ್ಟಲು, ಹೂವಿನ ಬುಟ್ಟಿ, ಆರತಿ ತಟ್ಟೆ ಎಂದು ಮದುವೆ ಉಡುಗೊರೆಗೆ ಈಗ ಇದು ಜೋರಾಗಿ ಹೋಗುತ್ತಿದೆ. ನೋಡಲು ಚೆಂದ, ಬಾಳಿಕೆಯೂ ಪರವಾಗಿಲ್ಲ. ಆದರೆ ನಾಳೆ ಕಷ್ಟಕ್ಕೆ ಅಡ ಇಡಲು ಹೋದರೆ ಯಾರೂ ಮುಟ್ಟುವುದಿಲ್ಲ. ಕೊಳ್ಳುವಾಗ ಇಷ್ಟು ತಿಳಿದಿದ್ದರೆ ಸಾಕು.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ, ಮೆಣಸಿನ ಬಳ್ಳಿ ಹಬ್ಬಿಸುವ ಮರ ಸಿಲ್ವರ್ ಓಕ್. ಮೂಲ ಪೂರ್ವ ಆಸ್ಟ್ರೇಲಿಯಾ. ಎಲೆಯ ಅಡಿಭಾಗ ಗಾಳಿಗೆ ಮಗುಚಿದಾಗ ಬೆಳ್ಳಗೆ ಮಿನುಗುತ್ತದೆ, ಅದಕ್ಕೆ ಸಿಲ್ವರ್. ಓಕ್ ಜಾತಿಗೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಬೆಳ್ಳಿ ಮೂಡುವ ಹೊತ್ತು. ಗಡಿಯಾರ ಇಲ್ಲದ ಕಾಲದಲ್ಲಿ ರೈತರು ಏಳುತ್ತಿದ್ದದ್ದು ಮೂಡಣದಲ್ಲಿ ಬೆಳ್ಳಿ ಚುಕ್ಕಿ ಕಂಡಾಗ. ಅದು ನಕ್ಷತ್ರವಲ್ಲ, ಶುಕ್ರಗ್ರಹ. ಸೂರ್ಯ ಚಂದ್ರರನ್ನು ಬಿಟ್ಟರೆ ಆಕಾಶದಲ್ಲಿ ಅತಿ ಹೆಚ್ಚು ಹೊಳೆಯುವುದು ಅದೇ. ದಟ್ಟ ಮೋಡದ ಹೊದಿಕೆ ಬಿಸಿಲನ್ನು ಹಿಂದಕ್ಕೆ ಎರಚುವುದರಿಂದ ಆ ಬೆಳಕು. ವರ್ಷದ ಕೆಲವು ತಿಂಗಳು ಬೆಳಗಿನ ಜಾವ ಕಾಣುತ್ತದೆ, ಕೆಲವು ತಿಂಗಳು ಸಂಜೆ. ನಮ್ಮ 'ಬೆಳ್ಳಗೆ', 'ಬೆಳಕು', 'ಬೆಳಗು' ಎಲ್ಲ ಒಂದೇ ಬೇರಿನವು. ಲೋಹಕ್ಕೂ ಗ್ರಹಕ್ಕೂ ಒಂದೇ ಹೆಸರು ಬಂದದ್ದು ಹಾಗೆ. ಪಕ್ಕದ ತಮಿಳರು ಶುಕ್ರವಾರವನ್ನೂ ಬೆಳ್ಳಿಯ ಹೆಸರಿನಲ್ಲೇ ಕರೆಯುತ್ತಾರೆ. ಶಿವನ ಕೈಲಾಸ ನಮಗೆ ಬೆಳ್ಳಿಬೆಟ್ಟ, ಉಡುಪಿಗೆ ರಜತಪೀಠಪುರ ಎಂಬ ಹೆಸರಿದೆ. 25 ವರ್ಷ ತುಂಬಿದರೆ ಬೆಳ್ಳಿ ಹಬ್ಬ.

ಹಲ್ಲಿನ ಡಾಕ್ಟರು ಹಾಕುವ 'ಸಿಲ್ವರ್ ಫಿಲ್ಲಿಂಗ್' ಮಾತ್ರ ಅರ್ಧ ನಿಜ. ಅದರಲ್ಲಿ ಬೆಳ್ಳಿ ಇದೆ, ಜೊತೆಗೆ ತವರ, ತಾಮ್ರ ಇವೆ. ತೂಕದ ಸುಮಾರು ಅರ್ಧದಷ್ಟು ಪಾದರಸ.

ಬೆರಳಿನ ಮೇಲಿನ ಬೆಳ್ಳಿ

ಈಗ ಇನ್ನೊಂದು ಕಡೆ ನೋಡೋಣ. ಬೆಳ್ಳಿ ಅಂತ ಯಾರೂ ಹೇಳದ, ಆದರೆ ನಿಜಕ್ಕೂ ಬೆಳ್ಳಿ ಇರುವ ಜಾಗಗಳು. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಹೆಮ್ಮೆ ತರುವುದು ಮೈಸೂರಿನದು.

ಮತ ಹಾಕಿದ ಮೇಲೆ ಎಡಗೈ ತೋರುಬೆರಳಿಗೆ ಹಚ್ಚುವ ಶಾಯಿ ಇದೆಯಲ್ಲ, ಅದರ ಜೀವಾಳ ಸಿಲ್ವರ್ ನೈಟ್ರೇಟ್, ಅಂದರೆ ಬೆಳ್ಳಿಯ ಲವಣ. ತಯಾರಾಗುವುದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್‌ನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಶುರು ಮಾಡಿದ ಕಾರ್ಖಾನೆ ಅದು. ಇಂದು ರಾಜ್ಯ ಸರ್ಕಾರದ ಕಂಪನಿ. ಶಾಯಿಯ ಸೂತ್ರವನ್ನು ಕೊಟ್ಟದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. 1962ರ ಸಾರ್ವತ್ರಿಕ ಚುನಾವಣೆಯಿಂದ ಇಲ್ಲಿಯವರೆಗೆ ಇಡೀ ದೇಶಕ್ಕೆ ಇಲ್ಲಿಂದಲೇ ಹೋಗುತ್ತಿದೆ. 2024ರ ಲೋಕಸಭಾ ಚುನಾವಣೆಗೆ 26 ಲಕ್ಷಕ್ಕೂ ಜಾಸ್ತಿ ಬಾಟಲಿ ಹೋದವು. 10 ಮಿಲಿಲೀಟರಿನ ಒಂದು ಪುಟ್ಟ ಬಾಟಲಿ ಸುಮಾರು 700 ಮಂದಿಗೆ ಸಾಕಾಗುತ್ತದೆ.

ಸೋಪು ಹಾಕಿ ಉಜ್ಜಿದರೂ ಅದು ಯಾಕೆ ಹೋಗುವುದಿಲ್ಲ? ಶಾಯಿ ಹಚ್ಚಿದ ಕೂಡಲೇ ಸಿಲ್ವರ್ ನೈಟ್ರೇಟ್ ಚರ್ಮದಲ್ಲಿರುವ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಇದು ನೀರಿನಲ್ಲಿ ಕರಗುವುದಿಲ್ಲ. ಆಮೇಲೆ ಬೆಳಕು ಬಿದ್ದಂತೆ ಒಡೆದು ಬೆಳ್ಳಿಯ ಅತಿ ಸಣ್ಣ ಕಣಗಳು ಚರ್ಮದ ಮೇಲ್ಪದರದಲ್ಲೇ ಉಳಿದುಬಿಡುತ್ತವೆ. ಅಷ್ಟು ಸಣ್ಣದಾದಾಗ ಬೆಳ್ಳಿ ಹೊಳೆಯುವುದಿಲ್ಲ, ಕಪ್ಪಗೆ ಕಾಣುತ್ತದೆ. ಮೊದಲು ನೇರಳೆ, ಆಮೇಲೆ ಕಪ್ಪು. ಹಳೆಯ ಚರ್ಮ ಉದುರಿ, ಉಗುರು ಬೆಳೆದು ಮುಂದೆ ಹೋದಾಗಲೇ ಗುರುತು ಹೋಗುವುದು. ಅಂದರೆ ಮತ ಹಾಕಿದವರೆಲ್ಲ ಕೆಲವು ವಾರ ಬೆರಳಿನಲ್ಲಿ ನಿಜವಾದ ಬೆಳ್ಳಿ ಹೊತ್ತು ತಿರುಗುತ್ತಾರೆ.

ಹಳೆಯ ಕಾಲದ ಫೋಟೊ ಕೂಡ ಇದೇ ರಸಾಯನದ ಮೇಲೆ ನಿಂತದ್ದು. ಫಿಲ್ಮ್ ರೀಲಿನ ಮೇಲೆ ಬೆಳ್ಳಿಯ ಲವಣದ ಕಣಗಳಿರುತ್ತಿದ್ದವು. ಬೆಳಕು ಬಿದ್ದ ಕಡೆ, ತೊಳೆದಾಗ, ಅವು ಕಪ್ಪು ಬೆಳ್ಳಿಯಾಗುತ್ತಿದ್ದವು. ನಮ್ಮ ತಾತ ಅಜ್ಜಿಯರ ಮದುವೆಯ ಕಪ್ಪು ಬಿಳುಪು ಫೋಟೊದಲ್ಲಿ ಕಪ್ಪಾಗಿ ಕಾಣುವುದೆಲ್ಲ ಬೆಳ್ಳಿಯೇ. ಸಿನಿಮಾವನ್ನು ಬೆಳ್ಳಿತೆರೆ ಎನ್ನುವುದಕ್ಕೆ ಕಾರಣ ಬೇರೆ. ಮೊದಮೊದಲು ಪರದೆಗೆ ಬೆಳ್ಳಿಯಂತೆ ಹೊಳೆಯುವ ಲೋಹದ ಬಣ್ಣ ಬಳಿಯುತ್ತಿದ್ದರು. ಆದರೆ ಬೆಳ್ಳಿ ಜಾಸ್ತಿ ಇದ್ದದ್ದು ರೀಲಿನಲ್ಲಿ. ಓಡಿ ಮುಗಿದ ಚಿತ್ರಗಳ ರೀಲುಗಳನ್ನು ತೂಕಕ್ಕೆ ಕೊಂಡು, ಬೆಳ್ಳಿ ತೆಗೆದು, ಉಳಿದದ್ದನ್ನು ಬಿಸಾಡಿದವರಿದ್ದರು. ನಮ್ಮ ದೇಶದ ಮೊದಮೊದಲಿನ ಎಷ್ಟೋ ಚಿತ್ರಗಳ ಪ್ರತಿ ಇವತ್ತು ಸಿಗದಿರುವುದಕ್ಕೆ ಇದೂ ಒಂದು ಕಾರಣ. ನೆನೆದರೆ ಸಂಕಟವಾಗುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮ್‌ಗಳನ್ನು ಗುಜರಿಯವರು ಕಾಸು ಕೊಟ್ಟು ಒಯ್ಯುವುದೂ ಬೆಳ್ಳಿಗಾಗಿಯೇ.

ಮೈಸೂರು ರೇಷ್ಮೆ ಸೀರೆಯ ಅಂಚನ್ನು ನಾವು ಚಿನ್ನದ ಜರಿ ಅನ್ನುತ್ತೇವೆ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ಬಳಸುವ ಜರಿಯಲ್ಲಿ ಬೆಳ್ಳಿ ಶೇ 65, ಚಿನ್ನ ಶೇ 0.65. ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ, ಅದರ ಮೇಲೆ ಚಿನ್ನದ ತೆಳು ಲೇಪ ಕೊಟ್ಟಿರುತ್ತಾರೆ. ಮೇಲಿನ ಬಣ್ಣ ಚಿನ್ನದ್ದು, ಮೈ ಬೆಳ್ಳಿಯದ್ದು. ಹಳೆಯ ಜರಿ ಸೀರೆ ಕೊಳ್ಳುತ್ತೇವೆ ಎಂದು ಬೀದಿಯಲ್ಲಿ ಕೂಗಿಕೊಂಡು ಬರುವವರು ಅಂಚನ್ನು ಸುಟ್ಟು ಬೆಳ್ಳಿ ತೆಗೆಯುತ್ತಾರೆ. ಬೆಳ್ಳಿಯ ರೇಟು ನೋಡಿಕೊಂಡು ಸೀರೆಗೆ ಬೆಲೆ ಕೇಳಿ.

ಒಲಿಂಪಿಕ್ಸ್ ಚಿನ್ನದ ಪದಕದಲ್ಲೂ ಬೆಳ್ಳಿಯೇ ಹೆಚ್ಚು. ಟೋಕಿಯೊದಲ್ಲಿ ನೀರಜ್ ಚೋಪ್ರಾ ಗೆದ್ದ ಪದಕದ ತೂಕ ಸುಮಾರು 556 ಗ್ರಾಂ. ಚಿನ್ನ 6 ಗ್ರಾಂನಷ್ಟು, ಅದೂ ಲೇಪ. ಉಳಿದದ್ದು ಬೆಳ್ಳಿ. ಆ ಬೆಳ್ಳಿಯನ್ನು ಜಪಾನಿನ ಜನ ಕೊಟ್ಟ ಹಳೆಯ ಫೋನು, ಕಂಪ್ಯೂಟರುಗಳಿಂದ ತೆಗೆದಿದ್ದರು; ಒಟ್ಟು ಸುಮಾರು 3,500 ಕೆಜಿ ಸಿಕ್ಕಿತ್ತು. 1896ರ ಅಥೆನ್ಸ್‌ನ ಮೊದಲ ಕೂಟದಲ್ಲಂತೂ ಗೆದ್ದವರಿಗೆ ಕೊಟ್ಟದ್ದೇ ಬೆಳ್ಳಿ ಪದಕ.

ಇನ್ನು ಸಿಹಿತಿಂಡಿ ಮೇಲಿನ ವರ್ಕ್. ಅದೂ ಬೆಳ್ಳಿಯೇ, ಗಾಳಿಗೆ ಹಾರುವಷ್ಟು ತೆಳು ಹಾಳೆ. ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಮಾಡಿದ ನಿಯಮದ ಪ್ರಕಾರ ಅದು 999 ಶುದ್ಧತೆಯ ಬೆಳ್ಳಿಯಾಗಿರಬೇಕು. ಬಡಿಯುವಾಗ ಪ್ರಾಣಿಗಳ ಚರ್ಮ, ಕರುಳು ಏನನ್ನೂ ಬಳಸುವಂತಿಲ್ಲ. ಅಲ್ಯೂಮಿನಿಯಂ ಹಾಳೆ ಹಾಕಿ ಮೋಸ ಮಾಡುವುದೂ ಉಂಟು. ಬೆರಳಲ್ಲಿ ಉಜ್ಜಿ ನೋಡಿ. ನಿಜವಾದ ವರ್ಕ್ ಬೆರಳಿಗೆ ಸವರಿಕೊಂಡು ಮಾಯವಾಗುತ್ತದೆ. ಅಲ್ಯೂಮಿನಿಯಂ ಆದರೆ ಮುದ್ದೆಯಾಗಿ ಉಳಿಯುತ್ತದೆ.

ಔಷಧದಲ್ಲೂ ಬೆಳ್ಳಿ ಇದೆ. ಅದರ ಅಯಾನುಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಸುಟ್ಟ ಗಾಯಕ್ಕೆ ಆಸ್ಪತ್ರೆಯಲ್ಲಿ ಹಚ್ಚುವ ಬಿಳಿ ಮುಲಾಮು ಸಿಲ್ವರ್ ಸಲ್ಫಾಡಯಾಜಿನ್. ಹಾಗಂತ ಆರೋಗ್ಯಕ್ಕೆ ಒಳ್ಳೆಯದು ಎಂದು 'ಕೊಲಾಯ್ಡಲ್ ಸಿಲ್ವರ್' ಎಂಬ ಬೆಳ್ಳಿ ನೀರನ್ನು ದಿನಾ ಕುಡಿಯಬಾರದು. ಬೆಳ್ಳಿ ಮೈಯಲ್ಲಿ ಸೇರಿಕೊಂಡು ಚರ್ಮ ಬೂದು ನೀಲಿಗೆ ತಿರುಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಬೆಳ್ಳಿ ಲೋಟದಲ್ಲಿ ಮಗುವಿಗೆ ಹಾಲು ಕುಡಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಅದರಿಂದ ಭಯಪಡಬೇಕಿಲ್ಲ.

ಬೀದರಿನ ಕಪ್ಪು, ಬೀದರಿನ ಬಿಳುಪು

ಬಿದ್ರಿ ಹೂಜಿಯನ್ನು ನೋಡಿದವರಿಗೆ ಮೊದಲು ಕಾಣುವುದು ಕಡುಗಪ್ಪು ಮೈ, ಅದರ ಮೇಲೆ ಬೆಳ್ಳಿಯ ಬಳ್ಳಿ. ಕಪ್ಪು ಬಣ್ಣ ಬಳಿದದ್ದಲ್ಲ. ಬೆಳ್ಳಿ ಮೇಲೆ ಅಂಟಿಸಿದ್ದೂ ಅಲ್ಲ.

ಮೈಯೆಲ್ಲ ಸತು, ಜೊತೆಗೆ ಸ್ವಲ್ಪ ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ನಯ ಮಾಡುತ್ತಾರೆ. ಆಗ ಅದು ಬೂದು ಬಿಳಿ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು ಚಿತ್ರ ಬರೆಯುತ್ತಾರೆ. ಗೆರೆಯ ಉದ್ದಕ್ಕೂ ಚಾಣದಿಂದ ಕೊರೆದು, ಆ ತೋಡಿನೊಳಗೆ ಬೆಳ್ಳಿ ತಂತಿಯನ್ನೋ ತಗಡಿನ ಚೂರನ್ನೋ ಇಟ್ಟು ಸುತ್ತಿಗೆಯಿಂದ ಹೊಡೆದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಎಲ್ಲ ಒಂದೇ ಬಣ್ಣ. ಬೆಳ್ಳಿ ಎಲ್ಲಿ, ಸತು ಎಲ್ಲಿ ಎಂದು ಗುರುತೇ ಸಿಗುವುದಿಲ್ಲ.

ಕೊನೆಗೆ ಬರುವುದು ಬೀದರ್ ಕೋಟೆಯ ಮಣ್ಣು. ಬಿಸಿಲು ಮಳೆ ಕಾಣದ ಜಾಗದಿಂದ ತೆಗೆದ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಅಷ್ಟು ಹೊತ್ತು ಅಡಗಿದ್ದ ಚಿತ್ತಾರ ಒಮ್ಮೆಗೇ ಎದ್ದು ನಿಲ್ಲುತ್ತದೆ. ಇಡೀ ಕಲೆ ನಿಂತಿರುವುದು ಎರಡು ಲೋಹ ಒಂದೇ ಮಣ್ಣಿಗೆ ಬೇರೆ ಬೇರೆ ರೀತಿ ಸ್ಪಂದಿಸುವುದರ ಮೇಲೆ. ಬಹಮನಿ ಸುಲ್ತಾನರ ಕಾಲದಿಂದ ಬಂದ ಈ ವಿದ್ಯೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಬೆಳ್ಳಿ ದುಬಾರಿಯಾದಷ್ಟೂ ಈ ಕುಶಲಕರ್ಮಿಗಳಿಗೆ ಕಷ್ಟ. ಒಂದು ಹೂಜಿ ಮಾರಾಟವಾಗುವ ಮೊದಲೇ ಕೈಯಿಂದ ಹಣ ಹಾಕಿ ಬೆಳ್ಳಿ ಕೊಳ್ಳಬೇಕು.

ಮನೆಯ ಬೆಳ್ಳಿ ಕಪ್ಪಾಗುವುದು ಯಾಕೆ

ಕಪ್ಪಾಯಿತು, ಅಂಗಡಿಯವನು ಮೋಸ ಮಾಡಿದ ಅನ್ನುವವರು ಬಹಳ. ಕಪ್ಪಾಗುವುದು ಬೆಳ್ಳಿಯ ಸಹಜ ಗುಣ. ಅದು ತುಕ್ಕಲ್ಲ. ಗಾಳಿಯಲ್ಲಿರುವ ಆಮ್ಲಜನಕದಿಂದ ಬೆಳ್ಳಿಗೆ ತೊಂದರೆ ಇಲ್ಲ. ಗಂಧಕದ ಅಂಶದಿಂದ ತೊಂದರೆ. ಬೆಳ್ಳಿಯೂ ಗಂಧಕವೂ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರವಾಗುತ್ತದೆ. ಮೊಟ್ಟೆ, ಈರುಳ್ಳಿ, ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಬೆವರು, ಎಲ್ಲದರಲ್ಲೂ ಗಂಧಕ ಇದೆ. ತಾಮ್ರ ಜಾಸ್ತಿ ಬೆರೆತ ಬೆಳ್ಳಿ ಇನ್ನಷ್ಟು ಬೇಗ ಮಂಕಾಗುತ್ತದೆ ಅನ್ನುವುದೂ ನಿಜ.

ಹಬ್ಬದ ಹಿಂದಿನ ದಿನ ನಾವು ವಿಭೂತಿಯಲ್ಲೋ ಹಲ್ಲುಪುಡಿಯಲ್ಲೋ ಉಜ್ಜುತ್ತೇವೆ. ಹೊಳಪು ಬರುತ್ತದೆ. ಆದರೆ ಆ ಕಪ್ಪು ಪದರದಲ್ಲೂ ಬೆಳ್ಳಿ ಇದೆ, ಅದನ್ನು ಉಜ್ಜಿ ತೆಗೆದಷ್ಟೂ ಬೆಳ್ಳಿ ಸವೆಯುತ್ತದೆ. ಅಜ್ಜಿಯ ಕಾಲದ ದೀಪದ ಕಂಬದ ನಕ್ಷೆ ಮಾಸಿಹೋಗಿರುವುದು ಹೀಗೆ.

ಸವೆಯದ ದಾರಿಯೊಂದಿದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವಂತೆ ಬೆಳ್ಳಿ ಇಟ್ಟು, ಕುದಿಯುವ ನೀರು, ಒಂದೆರಡು ಚಮಚ ಅಡುಗೆ ಸೋಡಾ, ಸ್ವಲ್ಪ ಉಪ್ಪು ಹಾಕಿ. ಕೆಲವು ನಿಮಿಷದಲ್ಲಿ ಕಪ್ಪು ಹೋಗುತ್ತದೆ. ಕೊಳೆತ ಮೊಟ್ಟೆಯಂಥ ಸಣ್ಣ ವಾಸನೆ ಬಂದರೆ ಗಾಬರಿ ಬೇಡ, ಗಂಧಕ ಬಿಡುಗಡೆಯಾಗುತ್ತಿದೆ ಅಂತ ಅರ್ಥ. ಬೆಳ್ಳಿ ಹಿಡಿದಿದ್ದ ಗಂಧಕವನ್ನು ಅಲ್ಯೂಮಿನಿಯಂ ಬಿಡಿಸುತ್ತದೆ, ಬೆಳ್ಳಿ ಮತ್ತೆ ಬೆಳ್ಳಿಯಾಗಿ ಅಲ್ಲೇ ಉಳಿಯುತ್ತದೆ. ಹಾಳೆ ಇಲ್ಲದಿದ್ದರೆ ಹಳೆಯ ಸಿಲ್ವರ್ ಬೋಗುಣಿ ಸಾಕು. ಅದೂ ಅಲ್ಯೂಮಿನಿಯಮ್ಮೇ ಅಲ್ವಾ. ಆದರೆ ಬೋಗುಣಿಯೇ ಕಪ್ಪಾಗುತ್ತದೆ, ಅಡುಗೆಯದ್ದನ್ನು ಬಳಸಬೇಡಿ. ಹರಳು ಕೂರಿಸಿದ ಒಡವೆ, ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಒಡವೆ, ಬಿದ್ರಿ ವಸ್ತು, ಇವನ್ನು ಈ ನೀರಿಗೆ ಹಾಕಲೇಬೇಡಿ.

ರೂಪಾಯಿಯೇ ಬೆಳ್ಳಿಯಾಗಿದ್ದಾಗ

ಸಂಸ್ಕೃತದ 'ರೂಪ್ಯ' ಅಂದರೆ ಬೆಳ್ಳಿ, ಅಚ್ಚೊತ್ತಿದ ಬೆಳ್ಳಿ. ಹದಿನಾರನೇ ಶತಮಾನದಲ್ಲಿ ಶೇರ್ ಶಾ ಸೂರಿ ಹೊರಡಿಸಿದ ಬೆಳ್ಳಿ ನಾಣ್ಯದಿಂದ ರೂಪಾಯಿ ನೆಲೆ ನಿಂತಿತು. ನಮ್ಮ ಕಡೆ ಆಗ ವರಹ, ಹಣ ಎಂಬ ಚಿನ್ನದ ನಾಣ್ಯಗಳ ರಾಜ್ಯ. ಆಮೇಲೆ ಬೆಳ್ಳಿ ರೂಪಾಯಿ ಇಲ್ಲಿಗೂ ಬಂತು. ಟಿಪ್ಪು ಸುಲ್ತಾನ್ ತನ್ನ ಬೆಳ್ಳಿ ರೂಪಾಯಿಗೆ 'ಇಮಾಮಿ' ಎಂದೂ, ಎರಡು ರೂಪಾಯಿಯ ದೊಡ್ಡ ನಾಣ್ಯಕ್ಕೆ 'ಹೈದರಿ' ಎಂದೂ ಹೆಸರಿಟ್ಟಿದ್ದ.

ಬ್ರಿಟಿಷರ ಕಾಲದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಶೇ 91.7 ಬೆಳ್ಳಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ಸಾಲದಾಗಿ 1940ರಲ್ಲಿ ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿ ಪೂರ್ತಿ ನಿಕಲ್. ಹಾಗಾಗಿ ಮನೆಯಲ್ಲಿ ರಾಣಿ ವಿಕ್ಟೋರಿಯಾ ನಾಣ್ಯ ಇದ್ದರೆ ಒಳಗಿನ ಬೆಳ್ಳಿ ಸುಮಾರು 10.7 ಗ್ರಾಂ. ಕೆಜಿಗೆ 2 ಲಕ್ಷದ ಲೆಕ್ಕದಲ್ಲಿ ಅದಕ್ಕೇ 2 ಸಾವಿರ ಮೀರುತ್ತದೆ. 1942ರ ನಾಣ್ಯವಾದರೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಇಸವಿ ನೋಡದೆ ಕೊಟ್ಟುಬಿಡಬೇಡಿ.

ರೇಟು ಜಿಗಿದದ್ದು ಹೇಗೆ

2024ರಲ್ಲಿ ಇಡೀ ಜಗತ್ತು ಬಳಸಿದ ಬೆಳ್ಳಿ ಸುಮಾರು 36 ಸಾವಿರ ಟನ್. ಅದರಲ್ಲಿ 21 ಸಾವಿರ ಟನ್ ಹೋದದ್ದು ಕಾರ್ಖಾನೆಗಳಿಗೆ. ಒಡವೆ, ಪಾತ್ರೆ, ನಾಣ್ಯ, ಗಟ್ಟಿ ಎಲ್ಲ ಸೇರಿ ಉಳಿದದ್ದು. ಚಿನ್ನಕ್ಕೂ ಬೆಳ್ಳಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಚಿನ್ನ ಬಹುಪಾಲು ಪೆಟ್ಟಿಗೆಯಲ್ಲಿ ಕೂರುತ್ತದೆ. ಬೆಳ್ಳಿ ಕೆಲಸಕ್ಕೆ ಹೋಗುತ್ತದೆ.

ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13 ಸಾವಿರ ಎಕರೆ, 2,050 ಮೆಗಾವಾಟ್. ಅಲ್ಲಿನ ಪ್ರತಿ ಫಲಕವನ್ನು ಹತ್ತಿರದಿಂದ ನೋಡಿದರೆ ನೀಲಿ ಮೈಮೇಲೆ ಕೂದಲೆಳೆಯಂಥ ಬೆಳ್ಳನೆಯ ಗೆರೆಗಳು ಕಾಣುತ್ತವೆ. ಅದು ಬೆಳ್ಳಿಯ ಪೇಸ್ಟ್‌ನಲ್ಲಿ ಅಚ್ಚು ಹಾಕಿದ್ದು. ಬಿಸಿಲಿನಿಂದ ಹುಟ್ಟಿದ ಕರೆಂಟನ್ನು ಒಟ್ಟುಗೂಡಿಸಿ ಹೊರಕ್ಕೆ ಒಯ್ಯುವುದು ಆ ಗೆರೆಗಳು. ಒಂದು ಫಲಕಕ್ಕೆ ಬೇಕಾಗುವುದು ಕೆಲವೇ ಗ್ರಾಂ, ಆದರೆ ಜಗತ್ತಿನಲ್ಲಿ ಫಲಕಗಳು ಕೋಟಿಗಟ್ಟಲೆ. ಎಲೆಕ್ಟ್ರಿಕ್ ಕಾರು, ಮನೆಯ ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟ್, ಫೋನು, ಎಲ್ಲ ಕಡೆ ಸ್ವಲ್ಪ ಸ್ವಲ್ಪ ಬೆಳ್ಳಿ. ಬೆಲೆ ಏರಿದ್ದರಿಂದ ಈಗ ತಯಾರಕರು ಬೆಳ್ಳಿ ಕಡಿಮೆ ಮಾಡಿ ತಾಮ್ರ ಬಳಸಲು ನೋಡುತ್ತಿದ್ದಾರೆ.

ಬೇಡಿಕೆ ಏರಿದರೆ ಗಣಿಗಳು ಜಾಸ್ತಿ ಅಗೆಯಬಹುದಲ್ಲ? ಅಲ್ಲೇ ಇರುವುದು ತೊಡಕು. ಹೆಚ್ಚಿನ ಬೆಳ್ಳಿ ಸಿಗುವುದು ಬೆಳ್ಳಿಯ ಗಣಿಯಲ್ಲಲ್ಲ. ಸೀಸ, ಸತು, ತಾಮ್ರ, ಚಿನ್ನ ತೆಗೆಯುವಾಗ ಅವುಗಳ ಜೊತೆಗೆ ಬರುತ್ತದೆ. ರಾಜಸ್ಥಾನದಲ್ಲಿ ಸೀಸ ಸತುವಿನ ಜೊತೆ, ನಮ್ಮ ಹಟ್ಟಿ ಗಣಿಯಲ್ಲಿ ಚಿನ್ನದ ಜೊತೆ ಚೂರುಪಾರು. ಬೆಣ್ಣೆ ತೆಗೆದಾಗ ಮಜ್ಜಿಗೆ ಉಳಿಯುತ್ತದೆ; ಮಜ್ಜಿಗೆಗೆ ರೇಟು ಬಂತೆಂದು ಬೆಣ್ಣೆ ಬೇಡದವರು ಮೊಸರು ಕಡೆಯುತ್ತಾರಾ? ಬೆಳ್ಳಿಯದೂ ಅದೇ ಪಾಡು. ಸತುವಿಗೆ ಬೇಡಿಕೆ ಇಲ್ಲದೆ ಬೆಳ್ಳಿಗಾಗಿ ಸತುವಿನ ಗಣಿ ದೊಡ್ಡದಾಗುವುದಿಲ್ಲ. 2024ರವರೆಗೆ ಸತತ ನಾಲ್ಕು ವರ್ಷ ಜಗತ್ತಿನಲ್ಲಿ ಸಿಕ್ಕಿದ ಬೆಳ್ಳಿಗಿಂತ ಬೇಕಾದ ಬೆಳ್ಳಿ ಜಾಸ್ತಿ ಇತ್ತು.

ಅತಿ ಹೆಚ್ಚು ಬೆಳ್ಳಿ ತೆಗೆಯುವ ದೇಶ ಮೆಕ್ಸಿಕೊ. ಭಾರತ ಬಹುಪಾಲು ಆಮದು ಮಾಡಿಕೊಳ್ಳುತ್ತದೆ. 2024ರಲ್ಲಿ 7 ಸಾವಿರ ಟನ್‌ಗೂ ಮೀರಿ ತಂದಿದ್ದೇವೆ. ಹಾಗಾಗಿ ನಮ್ಮ ಊರಿನ ರೇಟು ಮೂರು ಕಡೆಯಿಂದ ಕೂಡುತ್ತದೆ: ಹೊರಗಿನ ಬೆಲೆ, ಡಾಲರ್ ಬೆಲೆ, ತೆರಿಗೆ. ಹೊರಗೆ ಬೆಳ್ಳಿಯನ್ನು ಔನ್ಸ್ ಲೆಕ್ಕದಲ್ಲಿ ಮಾರುತ್ತಾರೆ, ಒಂದು ಔನ್ಸ್ ಅಂದರೆ 31.1 ಗ್ರಾಂ. ಔನ್ಸ್‌ಗೆ 50 ಡಾಲರ್, ಡಾಲರಿಗೆ 88 ರೂಪಾಯಿ ಅಂತಿಟ್ಟುಕೊಳ್ಳಿ. ಕೆಜಿಗೆ ಸುಮಾರು 1,41,500 ರೂಪಾಯಿ ಆಯಿತು. 2024ರ ಜುಲೈನಲ್ಲಿ ಆಮದು ಸುಂಕವನ್ನು ಶೇ 15ರಿಂದ 6ಕ್ಕೆ ಇಳಿಸಿದರು. ಆ 6 ಸೇರಿಸಿದರೆ ಒಂದೂವರೆ ಲಕ್ಷ. ಮೇಲೆ ಶೇ 3 ಜಿಎಸ್‌ಟಿ. ಒಟ್ಟು 1,54,500ರ ಸುತ್ತಮುತ್ತ. ಡಾಲರ್ ಏರಿದರೆ ಹೊರಗಿನ ಬೆಲೆ ಅಲುಗದಿದ್ದರೂ ನಮಗೆ ಏರುತ್ತದೆ.

ಬೆಳ್ಳಿ ಏರುವಾಗಲೂ ಜೋರು, ಇಳಿಯುವಾಗಲೂ ಜೋರು. ಚಿನ್ನದ ಪೇಟೆಗಿಂತ ಇದರ ಪೇಟೆ ಬಹಳ ಚಿಕ್ಕದು, ಸ್ವಲ್ಪ ಹಣ ನುಗ್ಗಿದರೂ ಅಲುಗಾಡುತ್ತದೆ. 1980ರ ಜನವರಿಯಲ್ಲಿ ಅಮೆರಿಕದ ಹಂಟ್ ಸಹೋದರರು ಬೆಳ್ಳಿ ಕೊಂಡು ಕೊಂಡು ಗುಡ್ಡೆ ಹಾಕಿದ್ದರಿಂದ ಔನ್ಸ್‌ಗೆ 50 ಡಾಲರ್ ಹತ್ತಿರ ಹೋಗಿತ್ತು. ಅದೇ ವರ್ಷದ ಮಾರ್ಚ್ 27ರ ಗುರುವಾರ ಕುಸಿದುಬಿತ್ತು. 2011ರ ಏಪ್ರಿಲ್‌ನಲ್ಲಿ ಮತ್ತೆ 50ರ ಹತ್ತಿರ ಬಂದು ಜಾರಿತು. ಆ ಗೆರೆ ದಾಟಿ ನಿಂತದ್ದು 2025ರ ಕೊನೆಯ ತಿಂಗಳುಗಳಲ್ಲಿ.

ಕೊಳ್ಳುವಾಗ, ಅಡ ಇಡುವಾಗ

ಬೆಳ್ಳಿಯ ಶುದ್ಧತೆಯನ್ನು ಸಾವಿರಕ್ಕೆ ಎಷ್ಟು ಎಂದು ಅಳೆಯುತ್ತಾರೆ. 999 ಅಂದರೆ ಬಹುತೇಕ ಅಪ್ಪಟ, ಬೆಳ್ಳಿ ಗಟ್ಟಿಗೂ ನಾಣ್ಯಕ್ಕೂ ಬಳಸುವುದು ಇದನ್ನು. 925 ಅಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಸ್ಟರ್ಲಿಂಗ್ ಅನ್ನುವುದು ಇದನ್ನೇ. ಪೇಟೆಯಲ್ಲಿ ಇದನ್ನೇ 'ಟಚ್' ಲೆಕ್ಕದಲ್ಲಿ ಹೇಳುತ್ತಾರೆ. 80 ಟಚ್ ಅಂದರೆ ನೂರಕ್ಕೆ 80. 100 ಗ್ರಾಂ ಗೆಜ್ಜೆ 80 ಟಚ್ ಆಗಿದ್ದರೆ ಅದರಲ್ಲಿ ಬೆಳ್ಳಿ 80 ಗ್ರಾಂ ಮಾತ್ರ. ಗ್ರಾಂಗೆ 200 ರೂಪಾಯಿ ಇರುವಾಗ ವ್ಯತ್ಯಾಸವೇ 4 ಸಾವಿರ. ಹಳೆಯ ರೇಟಿನಲ್ಲಿ ಇದನ್ನು ಯಾರೂ ಅಷ್ಟು ಲೆಕ್ಕ ಹಾಕುತ್ತಿರಲಿಲ್ಲ, ಈಗ ಹಾಕಲೇಬೇಕು. ಕಾಲುಂಗುರ, ಗೆಜ್ಜೆ, ಉಡುದಾರ, ಲಿಂಗದ ಕರಡಿಗೆ, ಏನೇ ಕೊಳ್ಳಿ, ಟಚ್ ಎಷ್ಟು ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮಾರುವಾಗ ಯಾವ ಟಚ್‌ಗೆ ವಾಪಸ್ ತೆಗೆದುಕೊಳ್ಳುತ್ತಾರೆ ಅನ್ನುವುದನ್ನೂ ಆಗಲೇ ಕೇಳಿ. ಮಜೂರಿ ಮಾತ್ರ ಹಿಂದಕ್ಕೆ ಬರುವುದಿಲ್ಲ.

ಹಾಲ್‌ಮಾರ್ಕ್, ಅಂದರೆ ಶುದ್ಧತೆ ಪರೀಕ್ಷಿಸಿ ಒತ್ತಿದ ಗುರುತು, ಇದ್ದರೆ ಇನ್ನೂ ಒಳ್ಳೆಯದು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿ ಒಡವೆಗೂ ಆರು ಅಕ್ಷರ ಮತ್ತು ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆಯಾದ ಗುರುತಿನ ಸಂಖ್ಯೆ, ಬಂದಿದೆ. ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಶುದ್ಧತೆ ಎಷ್ಟು, ಯಾರು ಹಾಲ್‌ಮಾರ್ಕ್ ಮಾಡಿಸಿದ್ದು ಎಲ್ಲ ತಿಳಿಯುತ್ತದೆ. ಚಿನ್ನಕ್ಕೆ ಇದು ಕಡ್ಡಾಯ, ಬೆಳ್ಳಿಗೆ ಐಚ್ಛಿಕವಾಗಿ ಶುರುವಾಯಿತು. ಅಂಗಡಿಯವರು ತಾವಾಗಿ ತೋರಿಸದಿರಬಹುದು, ನೀವೇ ಕೇಳಬೇಕು.

ಬೆಳ್ಳಿ ಅಡ ಇಟ್ಟು ಸಾಲ ಪಡೆಯುವುದಕ್ಕೂ ಈಗ ಸ್ಪಷ್ಟ ನಿಯಮ ಇದೆ. ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ್ದು, ಜಾರಿಗೆ 2026ರ ಏಪ್ರಿಲ್ 1ರ ಗಡುವು. ಒಬ್ಬರು 10 ಕೆಜಿವರೆಗೆ ಬೆಳ್ಳಿ ಒಡವೆ, 500 ಗ್ರಾಂವರೆಗೆ ಬೆಳ್ಳಿ ನಾಣ್ಯ ಅಡ ಇಡಬಹುದು. ಗಟ್ಟಿ ಇಟ್ಟರೆ ಸಾಲ ಇಲ್ಲ, ಷೇರುಪೇಟೆಯಲ್ಲಿ ಕೊಳ್ಳುವ ಕಾಗದದ ಬೆಳ್ಳಿ, ಅಂದರೆ ಬೆಳ್ಳಿ ಇಟಿಎಫ್ ಮೇಲೂ ಇಲ್ಲ. ಒಟ್ಟು ಸಾಲ ಎರಡೂವರೆ ಲಕ್ಷದವರೆಗೆ ಇದ್ದರೆ ಬೆಳ್ಳಿಯ ಬೆಲೆಯ ಶೇ 85ರಷ್ಟು ಕೊಡಬಹುದು, 5 ಲಕ್ಷದವರೆಗೆ ಶೇ 80, ಅದರ ಮೇಲೆ ಶೇ 75. ಬೆಲೆ ಕಟ್ಟುವಾಗ ಬೆಳ್ಳಿಯ ಅಂಶಕ್ಕೆ ಮಾತ್ರ ಲೆಕ್ಕ, ಹರಳಿಗೂ ಕುಸುರಿಗೂ ಇಲ್ಲ. ತೂಕ ಮಾಡುವಾಗ ನೀವು ಎದುರಿಗೇ ಇರಬೇಕು. ಸಾಲ ತೀರಿಸಿದ ಮೇಲೆ 7 ಕೆಲಸದ ದಿನಗಳೊಳಗೆ ಒಡವೆ ವಾಪಸ್ ಕೊಡಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ, ತಡವಾದ ಪ್ರತಿ ದಿನಕ್ಕೆ 5 ಸಾವಿರ ರೂಪಾಯಿ ಅವರೇ ನಿಮಗೆ ಕೊಡಬೇಕು.